ಅಪ್ಪ ತಿನ್ನುತ್ತಿರುವ ಕೆಂಪು ಗುಳಿಗೆ: ಕ್ರಿಯಾಟಿನಿನ್ ಸರಿ ಇದೆ, ಮತ್ತೆ ಕಾಲು ಊದಿದ್ದು ಯಾಕೆ?

ಮೂರನೇ_ಕ್ರಾಸ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ.

ನಮ್ಮಪ್ಪನಿಗೆ 67. ಮನೆ ಬನಶಂಕರಿ ಕಡೆ. ಮಂಡಿನೋವು ಹಳೇದು. ಐದು ತಿಂಗಳ ಹಿಂದೆ ವಾಕಿಂಗ್ ಗೆಳೆಯರೊಬ್ಬರು ಊರಾಚೆ ಇರುವ ಒಬ್ಬ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ತಿಂಗಳಿಗೊಂದು ಪೊಟ್ಟಣ ಬರುತ್ತಿದೆ. ಮೆಣಸಿನ ಕಾಳಿನಷ್ಟು ದಪ್ಪದ ಕೆಂಪು ಗುಳಿಗೆ, ದಿನಕ್ಕೊಂದು, ಜೇನುತುಪ್ಪದಲ್ಲಿ. ಲೇಬಲ್ ಇಲ್ಲ, ಬಿಲ್ ಇಲ್ಲ. ನೋವು ಕಡಿಮೆಯಾಗಿದೆ ಅಂತ ಅಪ್ಪನ ವಾದ.

ಮೂರು ವಾರದಿಂದ ಸಂಜೆ ಹೊತ್ತಿಗೆ ಕಾಲು ಊದುತ್ತಿದೆ. ಸಾಕ್ಸ್ ತೆಗೆದರೆ ಬಳೆ ತೊಟ್ಟಹಾಗೆ ಗುರುತು. ಮೂತ್ರದಲ್ಲಿ ನೊರೆ, ಫ್ಲಶ್ ಮಾಡಿದರೂ ಹೋಗಲ್ಲ ಅಂತ ಅಮ್ಮ ಹೇಳಿದ ಮೇಲೆ ಟೆಸ್ಟ್ ಮಾಡಿಸಿದೆವು. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡೋ ಕ್ರಿಯಾಟಿನಿನ್ 0.9, ಸರಿಯಾಗೇ ಇದೆ. ಮೂತ್ರದಲ್ಲಿ ಪ್ರೋಟೀನ್ 3+. ಡಾಕ್ಟ್ರು ನೇರವಾಗಿ ಕೇಳಿದರು, "ಬೇರೆ ಔಷಧಿ ಏನಾದ್ರೂ ತಗೋತೀರಾ?" ಅಪ್ಪ ನನ್ನ ಪಕ್ಕದಲ್ಲೇ ಕೂತು "ಏನೂ ಇಲ್ಲ ಸಾರ್" ಅಂದುಬಿಟ್ಟರು! ಆಟೋದಲ್ಲಿ ವಾಪಸ್ ಬರುವಾಗ ಕೇಳಿದರೆ "ಅದು ಔಷಧಿ ಅಲ್ಲ ಕಣೋ, ಬೇರುಗೀರು."

ಆ ವೈದ್ಯರಿಗೆ ಫೋನ್ ಮಾಡಿದೆ. ಮುಚ್ಚಿಡಲಿಲ್ಲ ಅವರು. "ಇಂಗಳೀಕ ಹಾಕಿದ್ದೀವಿ, ನಿಂಬೆರಸದಲ್ಲಿ ಏಳು ಸಲ ಅರೆದು ಶುದ್ಧಿ ಮಾಡಿದ್ದು, ನೀರಲ್ಲೇ ಕರಗಲ್ಲ ಅದು, ಕಿಡ್ನಿಗೆ ಹೇಗೆ ಹೋಗುತ್ತೆ ಹೇಳಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕರಗದ ವಸ್ತು ಕಿಡ್ನಿಗೆ ಹೋಗುತ್ತಾ? ಕ್ರಿಯಾಟಿನಿನ್ ಸರಿ ಇದ್ದರೆ ಕಿಡ್ನಿ ಸರಿ ಇದೆ ಅಂತಲ್ವಾ? ಮತ್ತೆ ಈ ಮನುಷ್ಯನಿಂದ ಡಾಕ್ಟ್ರ ಮುಂದೆ ನಿಜ ಹೇಳಿಸೋದು ಹೇಗೆ?

ಸುಮ್ನಿರಪ್ಪ
ಇಂಗಳೀಕ ಅಂದ್ರೇನು ಮೊದಲು ಹೇಳಿ ಸ್ವಾಮಿ. ನಾನು ಇಂಗು ಅಂದ್ಕೊಂಡೆ.

ರಸಾಯನ_ಮೇಷ್ಟ್ರು
ಇಂಗು ಅಲ್ಲಪ್ಪಾ. ಸಂಸ್ಕೃತದಲ್ಲಿ ಹಿಂಗುಲ, ಇಂಗ್ಲಿಷಿನಲ್ಲಿ ಸಿನಬಾರ್. ಪಾದರಸ ಮತ್ತು ಗಂಧಕ ಸೇರಿದ ಕೆಂಪು ಖನಿಜ. ತೂಕದಲ್ಲಿ ಶೇ. 86 ಪಾದರಸವೇ. ಪಾದರಸ ತೆಗೆಯೋದೇ ಈ ಅದಿರಿನಿಂದ.

ವೈದ್ಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಇದು ನೀರಲ್ಲಿ ಕರಗೋದಿಲ್ಲ ಅಂತಲೇ ಹೇಳಬಹುದು. ಬಾಯಿಗೆ ಹಾಕಿದರೆ ಹೊಟ್ಟೆಯಿಂದ ರಕ್ತಕ್ಕೆ ಸೇರೋದು ಶೇ. 0.2ಕ್ಕಿಂತ ಕಡಿಮೆ ಅಂತ ಲೆಕ್ಕ. ಮಿಕ್ಕಿದ್ದು ಮಲದಲ್ಲಿ ಹೋಗುತ್ತದೆ. ಆದರೆ "ಕಡಿಮೆ" ಅಂದರೆ ಎಷ್ಟು, ಪೆನ್ಸಿಲ್ ತಗೊಂಡು ನೋಡೋಣ. ಗುಳಿಗೆಯಲ್ಲಿ 125 ಮಿಲಿಗ್ರಾಂ ಇಂಗಳೀಕ ಇದೆ ಅಂದುಕೊಳ್ಳಿ. ಅದರಲ್ಲಿ ಪಾದರಸ ಸುಮಾರು 108 ಮಿಲಿಗ್ರಾಂ. ಶೇ. 0.2 ಅಂದರೆ 0.2 ಮಿಲಿಗ್ರಾಂ ಚಿಲ್ಲರೆ, ಅಂದರೆ 215 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ಸಮಿತಿ 2010ರಲ್ಲಿ ಹಾಕಿದ ಮಿತಿ, ಈ ಜಾತಿಯ ಪಾದರಸಕ್ಕೆ ಒಂದು ಕಿಲೋ ದೇಹತೂಕಕ್ಕೆ ವಾರಕ್ಕೆ 4 ಮೈಕ್ರೋಗ್ರಾಂ. 60 ಕಿಲೋ ಮನುಷ್ಯನಿಗೆ ವಾರಕ್ಕೆ 240. ನಿಮ್ಮಪ್ಪ ದಿನಕ್ಕೆ 215, ಅದೂ ರಕ್ತಕ್ಕೆ ಸೇರಿದ್ದು.

ಕಷಾಯ_ಡಾಕ್ಟ್ರು
ಮೇಷ್ಟ್ರೇ, ಲೆಕ್ಕ ಸರಿ, ಆದರೆ 0.2 ಅನ್ನೋದು ಮೇಲಿನ ಗಡಿ. ಅದರ ಹತ್ತನೇ ಒಂದು ಭಾಗ ಹಿಡಿದರೆ ದಿನಕ್ಕೆ 21, ವಾರಕ್ಕೆ 150 ಅಷ್ಟೇ. ಹೆದರಿಸೋ ಮೊದಲು ಅದನ್ನೂ ಹೇಳಿ.

ನಾನು ಬಿಎಎಂಎಸ್ ಮಾಡಿ 14 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ರಸೌಷಧಿ, ಅಂದರೆ ಪಾದರಸ ಸೇರಿಸಿ ಮಾಡೋ ಔಷಧಿ, ಎಲ್ಲ ವಿಷ ಅನ್ನೋ ಮಾತು ನಾನು ಒಪ್ಪಲ್ಲ. ಆದರೆ ಲೇಬಲ್ ಇಲ್ಲದ ಪೊಟ್ಟಣ, ಐದು ತಿಂಗಳು, ಮಧ್ಯೆ ಒಂದು ಟೆಸ್ಟೂ ಇಲ್ಲ? ಇದು ಆಯುರ್ವೇದ ಅಲ್ಲ. ಇವತ್ತೇ ನಿಲ್ಲಿಸಿ.

ರಸಾಯನ_ಮೇಷ್ಟ್ರು
ಒಪ್ಪಿದೆ ಡಾಕ್ಟ್ರೇ, ಗಡಿ ಅಂತ ಬರೆಯಬೇಕಿತ್ತು. ಆದರೆ ಆ ಪುಡಿಯಲ್ಲಿ ಎಲ್ಲ ಪಾದರಸವೂ ಗಂಧಕದ ಜೊತೆ ಗಟ್ಟಿಯಾಗಿ ಸೇರಿದೆ ಅಂತ ಯಾರು ನೋಡಿದ್ದಾರೆ? ಸ್ವಲ್ಪ ಕ್ಲೋರೈಡ್ ರೂಪದಲ್ಲಿದ್ದರೂ ಲೆಕ್ಕ ತಲೆಕೆಳಗು. ಪಾದರಸದ ಕ್ಲೋರೈಡು ಚೆನ್ನಾಗಿ ಕರಗುತ್ತದೆ, ಶೇ. 7ರಿಂದ 15ರವರೆಗೆ ಒಳಗೆ ಹೋಗಬಹುದು. ರಸಕರ್ಪೂರ ಅಂತ ಮಾರೋದು ಇದೇ ಕ್ಲೋರೈಡಿನ ಕುಟುಂಬ. ಅದು ಕಿಡ್ನಿಗೆ ನೇರ ಶತ್ರು.

ದೇಸಿ_ಗಟ್ಟಿಗ
ಶುರುವಾಯ್ತು ನೋಡಿ. ಸಾವಿರಾರು ವರ್ಷ ನಮ್ಮವರು ತಿಂದರು, ಯಾರಿಗೂ ಏನೂ ಆಗಲಿಲ್ಲ. ಈಗ ಇಂಗ್ಲಿಷ್ ಔಷಧಿ ಕಂಪನಿಗಳಿಗೆ ಹೊಟ್ಟೆಕಿಚ್ಚು. ಪೇನ್‌ಕಿಲ್ಲರ್ ತಿಂದು ಕಿಡ್ನಿ ಕಳ್ಕೊಂಡವರ ಲೆಕ್ಕ ಯಾಕೆ ಹಾಕಲ್ಲ?

ಡಯಾಲಿಸಿಸ್_ಸಿಸ್ಟರ್
ಹಾಕುತ್ತೇವೆ ಅಣ್ಣ, ದಿನಾ ಹಾಕುತ್ತೇವೆ. ಮೆಡಿಕಲ್ ಶಾಪಿಂದ ತಾವೇ ತಂದು ವರ್ಷಗಟ್ಟಲೆ ಡೈಕ್ಲೋಫಿನಾಕ್ ನುಂಗಿದವರು ನಮ್ಮ ವಾರ್ಡಿನಲ್ಲಿ ಇದ್ದಾರೆ. ಅವರು ಇದ್ದಾರೆ ಅಂತ ಇವರು ಇಲ್ಲ ಅಂತಾಗಲ್ಲ ಅಲ್ವಾ.

"ಯಾರಿಗೂ ಏನೂ ಆಗಲಿಲ್ಲ" ಅಂತ ಹೇಗೆ ಗೊತ್ತು? ಆಗ ಮೂತ್ರದ ಪ್ರೋಟೀನ್ ಯಾರು ನೋಡುತ್ತಿದ್ದರು. ನೀರು ತುಂಬಿಕೊಂಡಿತು, ಊದಿಕೊಂಡು ಹೋದರು ಅನ್ನುತ್ತಿದ್ದರು, ನಮ್ಮಜ್ಜಿ ಹೇಳುತ್ತಿದ್ದಿದ್ದು ಹಾಗೆಯೇ. ಯಾಕೆ ಊದಿಕೊಂಡರು ಅಂತ ಯಾರೂ ಕೇಳಲಿಲ್ಲ.

ಮೂರನೇ ಕ್ರಾಸ್ ಅವರೇ, ಕ್ರಿಯಾಟಿನಿನ್ ವಿಷಯ. ಕಿಡ್ನಿಯನ್ನು ಕಾಫಿ ಫಿಲ್ಟರ್ ಅಂದುಕೊಳ್ಳಿ. ಕ್ರಿಯಾಟಿನಿನ್ ಹೇಳೋದು ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತ. ನಿಮ್ಮಪ್ಪನದು ಕಟ್ಟಿಕೊಂಡಿಲ್ಲ, ಜಾಲರಿ ಹರಿದಿದೆ. ಡಿಕಾಕ್ಷನ್ ಜೊತೆ ಚರಟವೂ ಇಳಿಯುತ್ತಿದೆ. ಆ ಚರಟವೇ ಪ್ರೋಟೀನ್, ಆ ನೊರೆ. ರಕ್ತದಲ್ಲಿ ಪ್ರೋಟೀನ್ ಇಳಿದರೆ ನೀರು ಚರ್ಮದ ಕೆಳಗೆ ಬಂದು ನಿಲ್ಲುತ್ತದೆ, ಅದು ಕಾಲು ಊತ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಫಿಲ್ಟರ್ ಇರುತ್ತವೆ, ಅರ್ಧದಷ್ಟು ಕೆಲಸ ನಿಂತರೂ ಕ್ರಿಯಾಟಿನಿನ್ ಸುಮ್ನೆ ಕೂತಿರಬಹುದು. ಅದೊಂದನ್ನೇ ನೋಡಿ "ಕಿಡ್ನಿ ಫಸ್ಟ್ ಕ್ಲಾಸ್" ಅಂತ ಮನೆಗೆ ಹೋದವರನ್ನು ಬಹಳ ನೋಡಿದ್ದೇನೆ.

ಇನ್ನೊಂದು, ಮನೆಯಲ್ಲಿ ಬೇರೆ ಯಾರು ಅದನ್ನು ತಿನ್ನುತ್ತಿದ್ದಾರೆ, ವಿಚಾರಿಸಿ.

ಮೂರನೇ_ಕ್ರಾಸ್
ಫಿಲ್ಟರ್ ಉದಾಹರಣೆ ಅಪ್ಪನಿಗೆ ಹೇಳಿದೆ. "ನಮ್ಮ ಮನೆ ಫಿಲ್ಟರ್ ಮೂವತ್ತು ವರ್ಷದ್ದು, ಇನ್ನೂ ಚೆನ್ನಾಗೇ ಇದೆ" ಅಂದರು.

ಬೇರೆ ಯಾರೂ ತಿನ್ನುತ್ತಿಲ್ಲ ಸಿಸ್ಟರ್. ಅಮ್ಮನಿಗೆ ಮಾತ್ರೆ ಅಂದರೇ ಅಲರ್ಜಿ.

ಅವೆನ್ಯೂ_ರೋಡ್
ನಮ್ಮದು ಮೂರು ತಲೆಮಾರಿನ ಗ್ರಂಧಿಗೆ ಅಂಗಡಿ. ಅಜ್ಜನ ಕಾಲದಲ್ಲಿ ಇಂಗಳೀಕದ ಗಟ್ಟಿ ಬರುತ್ತಿತ್ತು, ಈಗ ಕೇಳೋರೇ ಕಡಿಮೆ. ಹುಷಾರಾಗಿರಬೇಕಾದ್ದು ಏನಂದ್ರೆ ಕೆಂಪು ಪುಡಿ ಅಂದರೆ ಒಂದಲ್ಲ. ಇಂಗಳೀಕ ಕೆಂಪು. ಸಿಂಧೂರ ಕೆಂಪು, ಅದು ಸೀಸ. ಕಾವಿ, ಜಾಜು, ಅದೂ ಕೆಂಪು, ಅದು ಬರೀ ಕಬ್ಬಿಣದ ಮಣ್ಣು. ರಸಸಿಂಧೂರ, ಗಿರಿಸಿಂಧೂರ ಅಂತ ಹೆಸರು, ಅವು ಮತ್ತೆ ಪಾದರಸ. ಹೆಸರು ಕೇಳಿ ಕೊಡೋ ಹುಡುಗ ಹೊಸಬನಾದರೆ ಮುಗೀತು ಕಥೆ. ಅಜ್ಜ ಕೈಯಲ್ಲಿ ತೂಗಿ ಹೇಳುತ್ತಿದ್ದರು, ಇಂಗಳೀಕ ನೀರಿನ ಎಂಟು ಪಟ್ಟು ತೂಕ. ಕೈಗೆ ಗೊತ್ತಾಗುತ್ತದೆ.

ರಸಾಯನ_ಮೇಷ್ಟ್ರು
ಜಾಜು ಯಾವುದು ಅಂತ ಕೈಗೆ ಗೊತ್ತಾಗಬಹುದು. ಸೀಸದ ಸಿಂಧೂರವೂ ನೀರಿನ ಎಂಟೊಂಬತ್ತು ಪಟ್ಟು ಭಾರ, ಅದನ್ನೂ ಇಂಗಳೀಕವನ್ನೂ ಕೈಯಲ್ಲಿ ಬೇರೆ ಮಾಡೋಕಾಗಲ್ಲ. ಲ್ಯಾಬೇ ಬೇಕು.

ಅವೆನ್ಯೂ_ರೋಡ್
ಅಜ್ಜ ಬದುಕಿದ್ದಿದ್ದರೆ ನಿಮ್ಮ ಜೊತೆ ಜಗಳ ಆಡುತ್ತಿದ್ದರು ಮೇಷ್ಟ್ರೇ.

ಸುಮ್ನಿರಪ್ಪ
ಹಣೆಗಿಡೋ ಕುಂಕುಮದಲ್ಲೂ ಪಾದರಸ ಇದೆಯಾ ಹಾಗಾದ್ರೆ? ನಮ್ಮನೇಲಿ ದಿನಾ ಒಂದು ಡಬ್ಬಿ ಖಾಲಿ.

ಅವೆನ್ಯೂ_ರೋಡ್
ಮನೇಲಿ ಮಾಡೋ ಕುಂಕುಮ ಅರಿಶಿನಕ್ಕೆ ಸುಣ್ಣ, ನಿಂಬೆರಸ ಬಿದ್ದು ಕೆಂಪಾಗೋದು. ತೊಂದರೆ ಇಲ್ಲ. ರಸ್ತೆಬದಿ ಕಿತ್ತಳೆ ಬಣ್ಣದ ಪುಡಿಗೆ ಗ್ಯಾರಂಟಿ ಕೊಡಲ್ಲ. ದಿನಕ್ಕೊಂದು ಡಬ್ಬಿ ಅಂದ್ರೆ ಮನೇಲಿ ಎಷ್ಟು ಹಣೆ ಇದೆ?

ಲ್ಯಾಬ್_ಅಕ್ಕ
ಟೆಸ್ಟ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. 3+ ಅನ್ನೋದು ಬರೀ ಮೂತ್ರದಲ್ಲಿ ಅದ್ದಿ ನೋಡೋ ಪಟ್ಟಿಯ ಬಣ್ಣ. ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ, ಆಗ ಸಂಖ್ಯೆ ಸಿಗುತ್ತದೆ, ಮುಂದೆ ಇಳೀತಾ ಏರಿತಾ ಹೋಲಿಸಬಹುದು. ಜೊತೆಗೆ ರಕ್ತದ ಆಲ್ಬುಮಿನ್, ಕೊಲೆಸ್ಟ್ರಾಲ್. ಪಾದರಸಕ್ಕೆ 24 ಗಂಟೆಯ ಮೂತ್ರ ಒಳ್ಳೇದು, ಲ್ಯಾಬೇ ಕೊಡುವ ಕ್ಯಾನಿನಲ್ಲಿ ಹಿಡಿಯಬೇಕು, ಮನೆಯ ಹಳೆ ಬಾಟಲಿ ಬೇಡ. ರಕ್ತದಲ್ಲೂ ನೋಡುತ್ತಾರೆ, ಆದರೆ ಹಿಂದಿನ ದಿನಗಳಲ್ಲಿ ಮೀನು ತಿಂದಿದ್ದರೆ ಮೀನಿನ ಪಾದರಸವೂ ಅದರಲ್ಲಿ ಕಾಣಿಸುತ್ತದೆ. ಎಲ್ಲ ಲ್ಯಾಬಿನಲ್ಲೂ ಇದು ಮಾಡಲ್ಲ, ದೊಡ್ಡವರಿಗೆ ಕಳಿಸುತ್ತಾರೆ, ರಿಪೋರ್ಟ್ ತಡ ಆಗುತ್ತದೆ. ರಿಪೋರ್ಟಿಗೆ ಕಾಯುತ್ತಾ ಗುಳಿಗೆ ಮುಂದುವರಿಸಬೇಡಿ ಅಷ್ಟೇ. ಒಳಗೆ ಸೇರಿದ ಪಾದರಸ ಅರ್ಧ ಆಗೋದಕ್ಕೇ ಒಂದೆರಡು ತಿಂಗಳು ಬೇಕು.

ಕರಾವಳಿ_ಕೂಸು
ಖನಿಜವೇ ಬೇಕಂತಿಲ್ಲ ಮಾರಾಯ್ರೆ. ನಮ್ಮಲ್ಲಿ ಬಿಂಬುಳಿ ಅನ್ನೋ ಹುಳಿಕಾಯಿಯ ಜ್ಯೂಸು ಕೊಲೆಸ್ಟ್ರಾಲಿಗೆ ಒಳ್ಳೇದು ಅಂತ ಲೋಟಗಟ್ಟಲೆ ಕುಡಿದು ಕಿಡ್ನಿ ನಿಂತವರಿದ್ದಾರೆ, ಆಕ್ಸಲೇಟ್ ಜಾಸ್ತಿ ಅದರಲ್ಲಿ. ಸಾರಿಗೆ ಎರಡು ಹಾಕಿದರೆ ಏನಿಲ್ಲ. ಈಶ್ವರಿ ಬಳ್ಳಿ ಅಂತ ಹಾವು ಕಚ್ಚಿದ್ದಕ್ಕೆ ಕೊಡುತ್ತಾರಲ್ಲ, ಆ ಬಳ್ಳಿಯ ಜಾತಿಯಲ್ಲೇ ಕಿಡ್ನಿ ಕೆಡಿಸೋ ಅರಿಸ್ಟೊಲೋಕಿಕ್ ಆಮ್ಲ ಇರೋದು. ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋ ಕ್ಲಿನಿಕ್ಕಿನ ಮಾತ್ರೆಯಲ್ಲಿ ಅದೇ ಜಾತಿಯ ಚೀನಾ ಬೇರು ಸೇರಿಕೊಂಡು ಹೆಂಗಸರ ಕಿಡ್ನಿ ಹೋದದ್ದು 1993ರಲ್ಲಿ ಬೆಳಕಿಗೆ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ, ಕೆಲವು ಹಿತ್ತಲ ಗಿಡ ನಿಜಕ್ಕೂ ಮದ್ದಲ್ಲ.

ಸುಮ್ನಿರಪ್ಪ
ಮದ್ದು ಅಂದ್ರೆ ನಮ್ಮೂರಲ್ಲಿ ಔಷಧಿಗೂ ಅದೇ ಮಾತು, ಬಂದೂಕಿಗೆ ತುಂಬೋದಕ್ಕೂ ಅದೇ ಮಾತು, "ಯಾರೋ ಮದ್ದು ಹಾಕಿದ್ದಾರೆ" ಅನ್ನೋದಕ್ಕೂ ಅದೇ ಮಾತು. ಹಿರಿಯರು ಸುಮ್ನೆ ಇಟ್ಟಿಲ್ಲ ಹೆಸರು.

ಕಷಾಯ_ಡಾಕ್ಟ್ರು
ಬಿಂಬುಳಿಗೆ ಹೋಗಬೇಡಿ, ವಿಷಯ ಇಂಗಳೀಕ.

ಶಾಸ್ತ್ರದ ಕಡೆಯಿಂದ ಹೇಳುತ್ತೇನೆ. ಪಾದರಸವನ್ನು ಹಾಗೇ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಗಂಧಕದ ಜೊತೆ ದಿನಗಟ್ಟಲೆ ಕಲ್ವದಲ್ಲಿ ಅರೆದು ಕಪ್ಪು ಕಜ್ಜಲಿ ಮಾಡಬೇಕು, ಬಿಸಿಲಲ್ಲಿ ಹಿಡಿದರೆ ಒಂದು ಚುಕ್ಕೆಯೂ ಹೊಳೆಯಬಾರದು. ಹೊಳೆದರೆ ಬಿಡಿ ಪಾದರಸ ಇದೆ ಅಂತ. ರಸಸಿಂಧೂರವಾದರೆ ಗಾಜಿನ ಕುಪ್ಪಿಯಲ್ಲಿಟ್ಟು ಮರಳಿನ ಶಾಖದಲ್ಲಿ ಹಂತಹಂತವಾಗಿ ಕಾಯಿಸಬೇಕು. ಇದಕ್ಕೆ ದಿನ ಬೇಕು, ತಾಳ್ಮೆ ಬೇಕು. ಕೊಡೋ ಪ್ರಮಾಣ ಗುಲಗಂಜಿ ತೂಕದ ಲೆಕ್ಕ. ಎಷ್ಟು ದಿನ, ಏನು ಪಥ್ಯ ಅಂತ ಇರುತ್ತದೆ. ನಾನು ರಸೌಷಧಿ ಕೊಡುವ ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತೇನೆ, ತಿಂಗಳಿಗೆ ಮತ್ತೊಂದು ಸಲ.

ಕಾನೂನೂ ಇದೆ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಬಂದ 1945ರ ನಿಯಮಗಳ ಇ(1) ಪಟ್ಟಿಯಲ್ಲಿ ಪಾರದ, ಹಿಂಗುಲ, ರಸಕರ್ಪೂರ, ಗಿರಿಸಿಂಧೂರ ಎಲ್ಲ ವಿಷಗಳ ಸಾಲಿನಲ್ಲೇ ಇವೆ. ಇವು ಸೇರಿದ ಔಷಧಿಯ ಮೇಲೆ ವೈದ್ಯರ ಉಸ್ತುವಾರಿಯಲ್ಲೇ ಸೇವಿಸಿ ಅಂತ ಎಚ್ಚರಿಕೆ ಇರಬೇಕು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ.

ಕನ್ನಡ_ಲೇಬಲ್
ಇಂಗ್ಲಿಷ್ ಮತ್ತು ಹಿಂದಿಯಲ್ಲಿ!! ಕನ್ನಡ ಮಾತ್ರ ಗೊತ್ತಿರೋ ಅಜ್ಜ ಏನು ಮಾಡಬೇಕು? ವಿಷ ಅಂತ ಓದೋದಕ್ಕೂ ಹಿಂದಿ ಕಲೀಬೇಕಾ?

ದೇಸಿ_ಗಟ್ಟಿಗ
ಇದರಲ್ಲೂ ಭಾಷೆ ತಂದ್ರಾ.

ಕನ್ನಡ_ಲೇಬಲ್
ತರದೆ? ಸಿಗರೇಟ್ ಪ್ಯಾಕಿಗಾದ್ರೂ ಚಿತ್ರ ಇದೆ, ಓದು ಬರದವನಿಗೂ ಗೊತ್ತಾಗುತ್ತೆ. ಪಾದರಸದ ಡಬ್ಬಿ ಮೇಲೆ ಇರುವೆ ಗಾತ್ರದ ಅಕ್ಷರ, ಅದೂ ನಮ್ಮದಲ್ಲ. ನಮ್ಮ ಚಿಕ್ಕಪ್ಪ ಎಸ್‌ಎಸ್‌ಎಲ್‌ಸಿ ಕನ್ನಡ ಮೀಡಿಯಂ, ಪೇಪರ್ ಪೂರ್ತಿ ಓದುತ್ತಾರೆ, ಎಡಿಟೋರಿಯಲ್ ಸಮೇತ. ಅವರಿಗೂ ಆ ಡಬ್ಬಿ ಓದಕ್ಕಾಗಲ್ಲ.

ಡಯಾಲಿಸಿಸ್_ಸಿಸ್ಟರ್
ಕಷಾಯ ಡಾಕ್ಟ್ರೇ, ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನೀವು ಮೂತ್ರ ಪರೀಕ್ಷೆ ಮಾಡಿಸುತ್ತೀರಿ. ನಿಮಗೆ ಗೊತ್ತಿರುವ ಎಷ್ಟು ಜನ ಮಾಡಿಸುತ್ತಾರೆ?

ಕಷಾಯ_ಡಾಕ್ಟ್ರು
ಕಡಿಮೆ.

ಡಯಾಲಿಸಿಸ್_ಸಿಸ್ಟರ್
ಅಷ್ಟೇ ನಾನು ಹೇಳೋದು. ಸರಿಯಾಗಿ ಮಾಡಿದ್ದು, ಸರಿಯಾಗಿ ಕೊಟ್ಟಿದ್ದು ನಮ್ಮ ವಾರ್ಡಿಗೆ ಬರೋದೇ ಇಲ್ಲ ಅಂತ ಇಟ್ಟುಕೊಳ್ಳೋಣ. ಬರೋದು ಪೊಟ್ಟಣ. ಬಿಳಿ ಪೇಪರಲ್ಲಿ ಸುತ್ತಿದ ಪುಡಿ. ಒಬ್ಬರು ವಿಭೂತಿ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು.

ಮಲ್ಲೇಶ್ವರದ_ಮೀನಾ
ಸರಿಯಾಗಿ ಮಾಡಿದರೆ ಸೇಫ್ ಅನ್ನೋದೂ ಪೂರ್ತಿ ನಿಜ ಅಲ್ಲ ಅನಿಸುತ್ತೆ. ಪಾದರಸ ಕಿಡ್ನಿಯನ್ನು ಎರಡು ದಾರಿಯಲ್ಲಿ ಕೆಡಿಸುತ್ತದೆ. ಒಂದು ನೇರ ವಿಷ. ಗಂಧಕ ಇರುವ ಪ್ರೋಟೀನ್ ಕಂಡರೆ ಪಾದರಸ ಬಿಡಲ್ಲ, ಕಿಡ್ನಿಯ ನಾಳಗಳ ಮೊದಲ ಭಾಗದಲ್ಲಿ ಹೋಗಿ ಕೂರುತ್ತದೆ, ಜಾಸ್ತಿ ಆದರೆ ಆ ಜೀವಕೋಶಗಳು ಸಾಯುತ್ತವೆ. ಇದು ಪ್ರಮಾಣದ ಲೆಕ್ಕ. ಎರಡನೇದು ನಮ್ಮ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು ಜಾಲರಿ ಕೆಡಿಸೋದು, ಮೆಂಬ್ರೇನಸ್ ನೆಫ್ರೋಪತಿ ಅಂತ. ಇದು ಎಲ್ಲರಿಗೂ ಆಗಲ್ಲ, ಆಗುವವರಿಗೆ ಸಣ್ಣ ಪ್ರಮಾಣಕ್ಕೂ ಆಗಬಹುದು. ಒಂದೇ ಡಬ್ಬಿಯಿಂದ ಹತ್ತು ಜನ ತಿಂದು ಒಬ್ಬರಿಗೆ ಮಾತ್ರ ಕಾಲು ಊದಿದರೆ, ಉಳಿದ ಒಂಬತ್ತು ಜನ "ನಮಗೇನೂ ಆಗಿಲ್ಲ" ಅಂತ ಸಾಕ್ಷಿ ಹೇಳುತ್ತಾರೆ.

ನನಗೆ ಇದೆಲ್ಲ ಗೊತ್ತಾಗಿದ್ದು ನನ್ನ ಕಸಿನ್‌ನಿಂದ. ಅವಳು ತಿಂದಿದ್ದಲ್ಲ, ಹಚ್ಚಿದ್ದು. ಬೆಳ್ಳಗಾಗೋ ಕ್ರೀಮ್, ಆನ್‌ಲೈನ್‌ನಲ್ಲಿ ತರಿಸಿದ್ದು. ನಾಲ್ಕು ತಿಂಗಳಿಗೆ ಮುಖ ಬೆಳ್ಳಗಾಯ್ತು, ಜೊತೆಗೆ ಊದಿಕೊಂಡಿತು. ಕೇರಳದ ಮಲಪ್ಪುರಂ ಜಿಲ್ಲೆಯ ಡಾಕ್ಟ್ರುಗಳು ಇದನ್ನು ಬರೆದಿದ್ದಾರೆ: 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಬಂದ 22 ಮೆಂಬ್ರೇನಸ್ ರೋಗಿಗಳಲ್ಲಿ 15 ಮಂದಿಗೆ ನೆಲ್-1 ಅನ್ನೋ ಬಗೆ, ಆ 15ರಲ್ಲಿ 13 ಜನ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು. ಪಾದರಸ ಇರುವ ನಾಟಿ ಔಷಧಿ ತಿಂದವರಲ್ಲೂ ಇದೇ ನೆಲ್-1 ಕಾಣುತ್ತದೆ ಅಂತ ನಮ್ಮ ದೇಶದ ರೋಗಿಗಳನ್ನು ನೋಡಿಯೇ 2022ರಲ್ಲಿ ಪ್ರಕಟವಾಯ್ತು. ನಿಲ್ಲಿಸಿದ ಮೇಲೆ ಬಹಳ ಜನಕ್ಕೆ ಪ್ರೋಟೀನ್ ಸೋರೋದು ಇಳಿಯುತ್ತದೆ, ಅದೊಂದು ಸಮಾಧಾನ. ನನ್ನ ಕಸಿನ್ ಈಗ ಚೆನ್ನಾಗಿದ್ದಾಳೆ, ಮೊದಲಿನ ಬಣ್ಣಕ್ಕೇ ಬಂದಿದ್ದಾಳೆ.

ದೇಸಿ_ಗಟ್ಟಿಗ
ಅಲೋಪಥಿಯವರು ಪಾದರಸ ಮುಟ್ಟೇ ಇಲ್ವಾ ಹಾಗಾದ್ರೆ? ಹಲ್ಲಿಗೆ ತುಂಬೋ ಸಿಮೆಂಟಲ್ಲಿ ಏನಿದೆ?

ರಸಾಯನ_ಮೇಷ್ಟ್ರು
ಮುಟ್ಟಿದ್ದಾರೆ, ಚೆನ್ನಾಗೇ ಮುಟ್ಟಿದ್ದಾರೆ. ಬೆಳ್ಳಿಬಣ್ಣದ ಹಲ್ಲಿನ ಫಿಲ್ಲಿಂಗ್‌ನಲ್ಲಿ ಅರ್ಧದಷ್ಟು ಪಾದರಸವೇ. ಮಕ್ಕಳಿಗೆ ಹಲ್ಲು ಬರುವಾಗ ಯುರೋಪಿನಲ್ಲಿ ಪಾದರಸದ ಪುಡಿ ಹಚ್ಚುತ್ತಿದ್ದರು, ಕೈಕಾಲು ಕೆಂಪಾಗಿ ಸಿಪ್ಪೆ ಏಳುವ ಕಾಯಿಲೆ ಬಂತು, 1950ರ ದಶಕದಲ್ಲಿ ಆ ಪುಡಿ ನಿಂತ ಮೇಲೆ ಕಾಯಿಲೆಯೂ ಹೋಯ್ತು. ಇನ್ನೂ ಮಜಾ ಅಂದ್ರೆ, ಕಾಲು ಊದಿದವರಿಗೆ ನೀರು ಇಳಿಸೋದಕ್ಕೆ ಪಾದರಸದ ಇಂಜೆಕ್ಷನ್ನನ್ನೇ ಕೊಡುತ್ತಿದ್ದರು. ಅದಕ್ಕಿಂತ ಒಳ್ಳೆ ಮಾತ್ರೆ ಬಂದ ಮೇಲೆ ಬಿಟ್ಟರು. ಅವರು ಬಿಟ್ಟರು, ನಾವೂ ಬಿಡಬಹುದು. ಅದರಲ್ಲಿ ಅವಮಾನ ಏನಿದೆ ಗಟ್ಟಿಗ?

ದೇಸಿ_ಗಟ್ಟಿಗ
ಅವಮಾನ ಅಲ್ಲ. ನಮ್ಮದು ಮಾತ್ರ ಕೆಟ್ಟದು ಅನ್ನೋ ಧ್ವನಿ ಬೇಡ ಅಂದೆ. ನಮ್ಮಮ್ಮನಿಗೆ ನಾಟಿ ಔಷಧಿಯಿಂದಲೇ ಕಾಮಾಲೆ ವಾಸಿಯಾಗಿದ್ದು.

ಲ್ಯಾಬ್_ಅಕ್ಕ
ಕಾಮಾಲೆಯಲ್ಲಿ ಬಹಳಷ್ಟು ತಾನೇ ವಾಸಿಯಾಗುತ್ತೆ ಅಣ್ಣ. ಬಿಡಿ, ಅದಕ್ಕೆ ಬೇರೆ ಚರ್ಚೆ ತೆಗೆಯಿರಿ.

ಪೂಜೆಗೆ_ಹೂವು
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮನೆಯಲ್ಲಿ ಪಾದರಸದ ಲಿಂಗ ಇದೆ. ಅಭಿಷೇಕ ಮಾಡಿದ ಹಾಲನ್ನು ತೀರ್ಥ ಅಂತ ಕುಡಿಯುತ್ತೇವೆ. ಇದನ್ನು ಓದಿ ಭಯ ಆಗುತ್ತಿದೆ.

ರಸಾಯನ_ಮೇಷ್ಟ್ರು
ಪಾದರಸ ನಮ್ಮ ಮನೆಯ ಶಾಖದಲ್ಲಿ ದ್ರವ. ಗಟ್ಟಿಯಾಗಿ ಲಿಂಗದ ಆಕಾರದಲ್ಲಿ ನಿಂತಿದೆ ಅಂದರೆ ಬೇರೆ ಲೋಹ ಸೇರಿಸಿದ್ದಾರೆ. ಯಾವ ಲೋಹ, ಎಷ್ಟು ಬಿಗಿಯಾಗಿ ಸೇರಿದೆ, ನೋಡಿ ಹೇಳೋಕಾಗಲ್ಲ. ಪೂಜೆ ಮಾಡಿ. ಹಾಲು ಗಿಡಕ್ಕೆ ಹಾಕಿ, ಕುಡಿಯಬೇಡಿ, ಮಕ್ಕಳಿಗಂತೂ ಬೇಡ. ದೀಪದ ಹತ್ತಿರ ಇಡಬೇಡಿ, ಬಿಸಿಗೆ ಆವಿ ಜಾಸ್ತಿ.

ಪೂಜೆಗೆ_ಹೂವು
ಅತ್ತೆಗೆ ಹೇಳೋರು ಯಾರು...

ಸುಮ್ನಿರಪ್ಪ
ಮೇಷ್ಟ್ರ ನಂಬರ್ ಕೊಡಿ ಅತ್ತೆಗೆ.

ಡಯಾಲಿಸಿಸ್_ಸಿಸ್ಟರ್
ಮೂರನೇ ಕ್ರಾಸ್ ಅವರ ಕೊನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅಪ್ಪನಿಂದ ನಿಜ ಹೇಳಿಸೋದು ಹೇಗೆ ಅಂತ.

ನಾವು ವಾರ್ಡಿನಲ್ಲಿ "ಔಷಧಿ ತಗೋತೀರಾ" ಅಂತ ಕೇಳೋದು ಬಿಟ್ಟೇ ಬಿಟ್ಟಿದ್ದೇವೆ. ಔಷಧಿ ಅಂದರೆ ಅವರಿಗೆ ಮೆಡಿಕಲ್ ಶಾಪಿನ ಮಾತ್ರೆ. ನಿಮ್ಮಪ್ಪ ಸುಳ್ಳು ಹೇಳಿಲ್ಲ, ಅವರ ಲೆಕ್ಕದಲ್ಲಿ ಅದು ಔಷಧಿ ಅಲ್ಲ. ಒಂದೊಂದೇ ಹೆಸರು ಹಿಡಿದು ಕೇಳಬೇಕು. ಲೇಹ್ಯ? ಪುಡಿ? ಭಸ್ಮ? ಗುಳಿಗೆ? ಕಷಾಯ? ಮುಖಕ್ಕೆ ಕ್ರೀಮ್? ಯಾರಾದರೂ ಸ್ನೇಹಿತರು ಕೊಟ್ಟಿದ್ದು? ನಾಲ್ಕನೇ ಪ್ರಶ್ನೆಗೆ "ಹಾಂ, ಗುಳಿಗೆ ಒಂದಿದೆ" ಅಂತ ಬರುತ್ತದೆ. ಇನ್ನೊಂದು ಕಾರಣ ಹೆದರಿಕೆ. ಮೊದಲು ಒಂದು ಸಲ ಹೇಳಿದಾಗ ಯಾರೋ ಡಾಕ್ಟ್ರು ಎಲ್ಲರ ಮುಂದೆ ಬೈದಿರುತ್ತಾರೆ. ಬೈದರೆ ರೋಗಿ ಔಷಧಿ ಬಿಡಲ್ಲ, ಹೇಳೋದು ಬಿಡುತ್ತಾನೆ. ಮುಂದಿನ ಸಲ ಪೊಟ್ಟಣ ನೀವೇ ಜೇಬಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲಿಡಿ. ಎಸೆಯಬೇಡಿ ಮಾತ್ರ, ಟೆಸ್ಟಿಗೆ ಬೇಕಾಗಬಹುದು.

ಫಿಲ್ಟರ್_ನೀರು
ಕೊತ್ತಂಬರಿ ಜ್ಯೂಸ್ ಕುಡಿದರೆ ಲೋಹ ಎಲ್ಲ ಹೊರಗೆ ಹೋಗುತ್ತೆ, ಡೀಟಾಕ್ಸ್. ನಾನು ದಿನಾ ಕುಡೀತೀನಿ.

ಲ್ಯಾಬ್_ಅಕ್ಕ
ಕುಡೀರಿ, ಬಾಯಿಗೆ ರುಚಿ. ಪಾದರಸ ಹೊರಹಾಕೋ ಔಷಧಿ ಬೇರೆಯೇ ಇದೆ, ಡಿಎಂಎಸ್‌ಎ ಅಂತ, ಅದನ್ನೂ ಕಿಡ್ನಿ ಡಾಕ್ಟ್ರು ಬೇಕಾ ಬೇಡ್ವಾ ನೋಡಿ ಕೊಡಬೇಕು. ಯೂಟ್ಯೂಬ್ ನೋಡಿ ಅಲ್ಲ.

ಮೂರನೇ_ಕ್ರಾಸ್
ಅಪ್‌ಡೇಟ್. ಸಿಸ್ಟರ್ ಹೇಳಿದ ಹಾಗೆ ಪೊಟ್ಟಣ ತಗೊಂಡು ಹೋದೆ. ಅಪ್ಪನ ಮುಖ ನೋಡಬೇಕಿತ್ತು. ಡಾಕ್ಟ್ರು ಬೈಯಲಿಲ್ಲ, "ನಮ್ಮ ತಾತನೂ ತಿನ್ನುತ್ತಿದ್ದರು" ಅಂತ ನಕ್ಕರು. ಅಪ್ಪ ತಕ್ಷಣ ಶುರು ಮಾಡಿದರು ನೋಡಿ, ವೈದ್ಯರ ಮನೆ ದಾರಿ, ಪೊಟ್ಟಣದ ರೇಟು, ಜೇನು ಯಾವ ಅಂಗಡಿಯದು, ಎಲ್ಲ. ನನಗೇ ಗೊತ್ತಿರಲಿಲ್ಲ, ನಡುವೆ ಒಂದು ತಿಂಗಳು ದಿನಕ್ಕೆ ಎರಡು ತಿಂದಿದ್ದಾರೆ, "ಬೇಗ ವಾಸಿಯಾಗಲಿ ಅಂತ."

ಅನುಪಾತ 5.8 ಬಂತು. ಬಯಾಪ್ಸಿ ಹೇಳಿದರು. ಸಿಸ್ಟರ್, ಬಯಾಪ್ಸಿ ನೋವಾಗುತ್ತಾ?

ಡಯಾಲಿಸಿಸ್_ಸಿಸ್ಟರ್
ಮರಗಟ್ಟಿಸಿ ಬೆನ್ನಿನ ಕಡೆಯಿಂದ ಸೂಜಿ ಹಾಕುತ್ತಾರೆ. ಆಮೇಲೆ ಅಲುಗಾಡದೆ ಮಲಗೋದೇ ಕಷ್ಟ, ಹಲವು ಗಂಟೆ. ಪುಸ್ತಕ ಕೊಡಿ ಅವರಿಗೆ.

ಕಷಾಯ_ಡಾಕ್ಟ್ರು
ಆ ಗುಳಿಗೆ ಬಗ್ಗೆ ಆಯುಷ್ ಇಲಾಖೆಗೆ ಬರೆದು ಕೊಡಿ, ಧನ್ವಂತರಿ ರಸ್ತೆಯಲ್ಲಿದೆ. ಲೈಸೆನ್ಸ್ ಇಲ್ಲದೆ ಇ(1) ಪಟ್ಟಿಯ ವಸ್ತು ಹಾಕಿ ಮಾಡಿ ಮಾರೋದು ಅಪರಾಧ. ಇಂಥವರಿಂದ ಕೆಟ್ಟ ಹೆಸರು ಬರೋದು ನಮಗೆ. ರೋಗಿಗಳು ಅಶ್ವಗಂಧಕ್ಕೂ ಹೆದರುತ್ತಾರೆ ಈಗ.

ಅವೆನ್ಯೂ_ರೋಡ್
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ. ಆಯುರ್ವೇದ, ಅಲೋಪಥಿ ಜಗಳ ಆಡ್ತಾ ಇರಿ, ನಡುವೆ ಮಂಡಿನೋವಿನ ಮುದುಕರು.

ಮೂರನೇ_ಕ್ರಾಸ್
ಏಳು ವಾರ ಆಯ್ತು, ಹೇಳದೆ ಸುಮ್ನಿದ್ದಿದ್ದಕ್ಕೆ ಕ್ಷಮೆ ಇರಲಿ.

ಬಯಾಪ್ಸಿಯಲ್ಲಿ ಮೆಂಬ್ರೇನಸ್, ನೆಲ್-1 ಪಾಸಿಟಿವ್. ಮೀನಾ ಅವರು ಹೇಳಿದ್ದೇ. ನೆಲ್-1 ಕೆಲವರಲ್ಲಿ ಕ್ಯಾನ್ಸರಿನ ಜೊತೆಯೂ ಬರುತ್ತಂತೆ, ಅದಕ್ಕೆ ಸಿಟಿ ಸ್ಕ್ಯಾನ್ ಅದು ಇದು ಎಲ್ಲ ಮಾಡಿಸಿದರು. ಆ ಹತ್ತು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಏನೂ ಇರಲಿಲ್ಲ. ಮೂತ್ರದ ಪಾದರಸ ಜಾಸ್ತಿ ಬಂತು. ಸದ್ಯಕ್ಕೆ ಗುಳಿಗೆ ಬಂದ್, ಪ್ರೋಟೀನ್ ಸೋರೋದು ತಗ್ಗಿಸೋ ಬಿಪಿ ಮಾತ್ರೆ, ನೀರಿನ ಮಾತ್ರೆ, ಉಪ್ಪು ಕಡಿಮೆ. ಉಪ್ಪಿನಕಾಯಿ ಭರಣಿ ಮೇಲಿನ ಕಪಾಟಿಗೆ ಹೋಗಿದೆ. ಸ್ಟೀರಾಯ್ಡ್ ಈಗಲೇ ಬೇಡ, ಕಾದು ನೋಡೋಣ ಅಂದಿದ್ದಾರೆ. ಮೊನ್ನೆ ಅನುಪಾತ 3.1. ಸಾಕ್ಸ್ ಗುರುತು ಬಹಳ ಕಡಿಮೆ.

ಮಲ್ಲೇಶ್ವರದ_ಮೀನಾ
5.8ರಿಂದ 3.1! ಒಳ್ಳೇದು ಒಳ್ಳೇದು. ನನ್ನ ಕಸಿನ್‌ಗೂ ಹೀಗೇ ನಿಧಾನಕ್ಕೆ ಇಳೀತು, ತಿಂಗಳುಗಟ್ಟಲೆ ಹಿಡೀತು. ಮಧ್ಯೆ ಒಂದು ಸಲ ಏರಿದರೆ ಗಾಬರಿ ಆಗಬೇಡಿ.

ದೇಸಿ_ಗಟ್ಟಿಗ
ಅಪ್ಪಾಜಿ ಹುಷಾರಾಗಲಿ. ಮಂಡಿನೋವಿಗೆ ಏನು ಮಾಡ್ತಿದ್ದಾರೆ ಈಗ? ಕೊನೆಗೆ ನೋವು ನೋವೇ ಅಲ್ವಾ.

ಮೂರನೇ_ಕ್ರಾಸ್
ಫಿಸಿಯೋ ಹೋಗುತ್ತಿದ್ದಾರೆ. ಕಿಡ್ನಿ ಹೀಗಿರುವಾಗ ಪೇನ್‌ಕಿಲ್ಲರ್ ಮುಟ್ಟೋ ಹಾಗಿಲ್ಲ ಅಂದಿದ್ದಾರೆ, ನೀವು ಮೊದಲು ಹೇಳಿದ್ದೇ ಗಟ್ಟಿಗ ಅವರೇ. ಬಿಸಿನೀರಿನ ಚೀಲ, ಎಣ್ಣೆ ತಿಕ್ಕೋದು. ಗೊಣಗುತ್ತಾರೆ.

ಇನ್ನೊಂದು ವಿಷಯ. ನಿನ್ನೆ ರಾತ್ರಿ ಪಾತ್ರೆ ಜೋಡಿಸುತ್ತಾ ಅಮ್ಮ ಮೆಲ್ಲಗೆ ಕೇಳಿದರು, "ಅರ್ಧ ಗುಳಿಗೆಗೂ ಆಗುತ್ತೇನೋ ಅದು?" ಅವರಿಗೂ ಮಂಡಿ ನೋವು. ಅಪ್ಪನ ಪೊಟ್ಟಣದಿಂದ ದಿನಾ ಒಂದು ಗುಳಿಗೆ ಮುರಿದು ಅರ್ಧ ತಿನ್ನುತ್ತಿದ್ದರಂತೆ, ಎರಡು ತಿಂಗಳು. ಯಾರಿಗೂ ಹೇಳಿಲ್ಲ. ಸಿಸ್ಟರ್ ಮೊದಲ ದಿನವೇ ಕೇಳಿದ್ದರು, ನಾನೇ ಇಲ್ಲ ಅಂದೆ. ಕಾಲು ಊದಿಲ್ಲ, ನಾನೇ ಒತ್ತಿ ನೋಡಿದೆ. ನಾಳೆ ಬೆಳಗ್ಗೆ ಸ್ಯಾಂಪಲ್ ಕೊಡಿಸುತ್ತೇನೆ. ಎದ್ದ ತಕ್ಷಣದ್ದೇ ಆಗಬೇಕಾ?

ಲ್ಯಾಬ್_ಅಕ್ಕ
ಹೌದು, ಎದ್ದ ತಕ್ಷಣದ್ದು. ಮೊದಲ ಸ್ವಲ್ಪ ಬಿಟ್ಟು ನಡುವಿನದು ಹಿಡಿಯಲಿ. ಅನುಪಾತವನ್ನೇ ಬರೆಸಿ, ಬರೀ ಪಟ್ಟಿ ಬೇಡ. ಬೆಳಗ್ಗೆ ಎಂಟು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ.

ಡಯಾಲಿಸಿಸ್_ಸಿಸ್ಟರ್
ಅಮ್ಮನಿಗೆ ಬೈಯಬೇಡಿ.